ಸಾಕ್ಷಿ ಪ್ಲೇಟು

ನಮ್ಮ ಪ್ರಯೋಗಾಲಯದಲ್ಲಿ ಮೀಡಿಯಾ ತಯಾರಿಸುವ ಕೋಣೆಯನ್ನು ಎಲ್ಲರೂ ಅಡುಗೆಮನೆ ಎಂದು ಕರೆಯುತ್ತಿದ್ದರು. ಅಲ್ಲಿ ಕೆಲಸ ಮಾಡುವವರು ಅಡುಗೆ ಅಕ್ಕ. ಅವರ ಅಡುಗೆ ಉಣ್ಣುವುದು ಬ್ಯಾಕ್ಟೀರಿಯಾಗಳು. ಸಕ್ಕರೆ, ಉಪ್ಪು, ಅಗಾರ್ ಪುಡಿಯನ್ನು ನೀರಿಗೆ ಹಾಕಿ, ಆಟೊಕ್ಲೇವ್ ಎಂಬ ಆಳೆತ್ತರದ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ, ಅಂಗೈ ಅಗಲದ ಪ್ಲೇಟುಗಳಿಗೆ ಸುರಿದಿಟ್ಟರೆ ಆ ಮೀಡಿಯಾ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನಾವು ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಸುರಿಯುವಾಗ ಹೆಚ್ಚು ಬಿಸಿ ಇರಬಾರದು, ಆರಿಯೂ ಹೋಗಿರಬಾರದು. ಅದಕ್ಕೆ ಅಕ್ಕ ಥರ್ಮಾಮೀಟರ್ ಹಿಡಿಯುತ್ತಿರಲಿಲ್ಲ. ಗಾಜಿನ ಬುಡ್ಡಿಯನ್ನು ಬಲಗೆನ್ನೆಗೆ ಒತ್ತಿ ನೋಡುತ್ತಿದ್ದರು. ಕೆನ್ನೆ ತಡೆದುಕೊಂಡರೆ ಸುರಿಯುವ ಹೊತ್ತು ಬಂತು ಎಂದು ಅರ್ಥ.

ನಾನು ಸಂಶೋಧನೆಗೆ ಸೇರಿದ ಮೊದಲ ದಿನ ಆ ಕೋಣೆಗೆ ಹೋದಾಗ ಅವರು ತಲೆ ಎತ್ತದೆಯೇ ಕೇಳಿದರು.

‘ಹಳ್ಳಿಯವಳಾ?’

‘ಹೌದಕ್ಕ. ಹೆಂಗೆ ಗೊತ್ತಾಯ್ತು?’

‘ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೀಯ. ಇಲ್ಲಿ ಬಿಡಬಾರದು ತಂಗಿ, ಗಾಜಿನ ಚೂರಿರುತ್ತೆ. ಹಾಕ್ಕೊಂಡು ಬಾ.’

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಕಟ್ಟಡದಲ್ಲಿ ಯಾರ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು ಎನ್ನುವುದು ಗೊತ್ತಿರಲಿಲ್ಲ. ಏಳನೇ ತರಗತಿ ಓದಿದ ಅಕ್ಕನ ಬಳಿ ಮಾತ್ರ ಏನನ್ನೂ ಕೇಳಬಹುದಿತ್ತು.

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಗಾಜು ತೊಳೆಯುವ ಮೂರು ತಿಂಗಳ ಕೆಲಸಕ್ಕೆಂದು ಬಂದವರು ಅವರು. ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ದರ್ಜಿ, ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಗುಂಡಿ, ಕಾಜ, ಅಂಚು ಎಲ್ಲ ಕೈಹೊಲಿಗೆ. ಗಂಡನಿಗೆ ಹತ್ತಿರದ ದೃಷ್ಟಿ ಮೊದಲಿನಿಂದಲೂ ಮಂದ. ಹಾಗಾಗಿ ಅಕ್ಕ ದಿನಾ ಬೆಳಿಗ್ಗೆ ಹೊರಡುವ ಮೊದಲು ಹನ್ನೆರಡು ಸೂಜಿಗೆ ದಾರ ಪೋಣಿಸಿ, ಒಂದು ಹತ್ತಿಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದರು. ಅತ್ತೆ ಇನ್ನೂ ಗಟ್ಟಿಯಾಗಿದ್ದರು, ನಾಲಿಗೆಯಂತೂ ಕಾಲಿಗಿಂತ ಗಟ್ಟಿ. ಒಮ್ಮೆ ನಾನು ಮನೆಗೆ ಹೋದಾಗ ಹೇಳಿದರು: ‘ನನ್ನ ಸೊಸೆ ಊರ ಹುಳಕ್ಕೆಲ್ಲ ಹದವಾಗಿ ಬೇಯಿಸಿ ಹಾಕ್ತಾಳಂತೆ. ಮನೇಲಿ ಮಾತ್ರ ಉಪ್ಪು ಮರೀತಾಳೆ. ನಾವೂ ಒಂದು ಪ್ಲೇಟಲ್ಲಿ ಹೋಗಿ ಮಲಗಬೇಕು ಅನ್ಸುತ್ತೆ.’

ಅಕ್ಕ ನಕ್ಕರು. ‘ನಿಮ್ಮನ್ನ ಹಿಡಿಯೋ ಪ್ಲೇಟು ಎಲ್ಲಿ ತರಲಿ ಅತ್ತೆ.’

ಆ ಕೋಣೆಯಲ್ಲಿ ಅಕ್ಕ ತಾವೇ ಮಾಡಿಕೊಂಡ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಸೇರಿದ ಹತ್ತನೇ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಯೋಗ ಕೆಟ್ಟಿತು. ಅವನು ಮೀಡಿಯಾವೇ ಸರಿಯಿಲ್ಲ ಎಂದು ಬರೆದುಕೊಟ್ಟ. ವಿಚಾರಣೆಯಲ್ಲಿ ಅವನು ಕುಳಿತಿದ್ದ, ಅಕ್ಕ ನಿಂತಿದ್ದರು. ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಎರಡು ವರ್ಷ ಅವರನ್ನು ಕಾರಿಡಾರ್ ಒರೆಸಲು ಹಾಕಿದರು. ಆಮೇಲೆ ಅವನು ಬೇರೆ ಬುಡ್ಡಿಯ ರಾಸಾಯನಿಕ ಬಳಸಿದ್ದು ಗೊತ್ತಾಗಿ ಅಕ್ಕನನ್ನು ವಾಪಸು ಕರೆದರು. ಯಾರೂ ತಪ್ಪಾಯಿತು ಎನ್ನಲಿಲ್ಲ.

‘ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ,’ ಅಕ್ಕ ಆ ಕಥೆ ಹೇಳಿ ಮುಗಿಸುತ್ತಿದ್ದದ್ದು ಹೀಗೆ. ‘ನೆಲ ನೆಟ್ಟಗಿದೆ ಅಂತ ತೋರಿಸೋಕೆ ನನ್ನ ಹತ್ರ ಏನಾದ್ರೂ ಇರ್ಬೇಕಲ್ಲ.’

ಅಂದಿನಿಂದ ಅವರು ಮಾಡಿದ ಪ್ರತಿ ಪಾತ್ರೆಯಿಂದ ಒಂದು ಪ್ಲೇಟು ಎತ್ತಿಡುತ್ತಿದ್ದರು. ಯಾರಿಗೆ ಆ ಮೀಡಿಯಾ ಹೋಗುತ್ತದೋ ಅವರ ಬ್ಯಾಕ್ಟೀರಿಯಾವನ್ನೇ ಕಡ್ಡಿಯಲ್ಲಿ ಒಂದು ಗೆರೆ ಎಳೆದು, ತಾರೀಖು ಬರೆದು, ಗೋಡೆಯುದ್ದಕ್ಕೂ ಇದ್ದ ಮರದ ಹಲಗೆಯ ಮೇಲೆ ನಲವತ್ತು ದಿನ ಇಡುತ್ತಿದ್ದರು. ಅದಕ್ಕೆ ಸಾಕ್ಷಿ ಪ್ಲೇಟು ಎಂದು ಹೆಸರು. ಹತ್ತು ವರ್ಷದಲ್ಲಿ ಆ ಸಾಕ್ಷಿ ಒಮ್ಮೆಯೂ ಅಕ್ಕನ ವಿರುದ್ಧ ಮಾತಾಡಿರಲಿಲ್ಲ.

ನನ್ನ ಕೆಲಸ ಗೋಡೆಯ ಆಚೆಗಿನ ಕೋಣೆಯಲ್ಲಿತ್ತು. ಅಲ್ಲೊಂದು ಲೋಹದ ಪೆಟ್ಟಿಗೆ. ಊಟ ಬಿಸಿ ಮಾಡುವ ಮೈಕ್ರೋವೇವ್ ಒಲೆಯಲ್ಲಿರುವಂಥದೇ ಅಲೆಗಳನ್ನು ಬಹಳ ಮೆಲ್ಲಗೆ ಬ್ಯಾಕ್ಟೀರಿಯಾದ ಮೇಲೆ ಹಾಯಿಸಿ, ಅದರೊಳಗಿನ ಜೀನುಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು. ಅಕ್ಕನಿಗೆ ನಾನು ವಿವರಿಸಿದ್ದೆ.

‘ಇದರೊಳಗೆ ಒಂದು ಜೀನ್ ಇದೆ ಅಕ್ಕ. ಸುಖವಾಗಿದ್ದಾಗ ಸುಮ್ಮನೆ ಮಲಗಿರುತ್ತೆ. ಬಿಸಿನೋ ಕಷ್ಟನೋ ಬಂದ್ರೆ ಎದ್ದೇಳುತ್ತೆ. ಅದರ ಬಾಲಕ್ಕೆ ಬಣ್ಣ ಬರಿಸೋ ಇನ್ನೊಂದು ಜೀನ್ ಕಟ್ಟಿದ್ದೀವಿ. ಅದು ಎದ್ರೆ ಇದೂ ಏಳುತ್ತೆ. ಆಗ ನೀಲಿ. ಇಲ್ಲಾಂದ್ರೆ ಬಿಳಿ.’

‘ಅಂದ್ರೆ ನೋವಾದ್ರೆ ನೀಲಿ ಆಗ್ತಾವೆ.’

‘ನೋವು ಅನ್ನೋಕಾಗಲ್ಲ. ಅವಕ್ಕೆ ನರ ಇಲ್ಲ.’

‘ನರ ಇಲ್ದಿದ್ರೇನು. ಬಾಯಿ ಇಲ್ಲದವು ಮತ್ತೆ ಹೆಂಗೆ ಹೇಳ್ಬೇಕು?’

ಪೆಟ್ಟಿಗೆಯಲ್ಲಿಟ್ಟವು ನೀಲಿಯಾದವು. ಹೋಲಿಕೆಗೆಂದು ಅಡುಗೆಮನೆಯ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಕಪಾಟಿನಲ್ಲಿ ಇಟ್ಟವು ಬಿಳಿಯಾಗಿಯೇ ಉಳಿದವು. ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಅವರು ಪ್ಲೇಟುಗಳನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಅಲೆಗಳಿಂದಲೋ, ಬರೀ ಬಿಸಿಯಿಂದಲೋ? ಕ್ಷಣಕ್ಷಣದ ಉಷ್ಣತೆ ಬೇಕು,’ ಎಂದರು. ಲೋಕದಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ನಾನು ಮುಗಿಸಬಲ್ಲೆ ಎಂದು ನನಗೆ ಆಗ ಅನ್ನಿಸಿತ್ತು.

ಚಳಿಗಾಲದ ಮೊದಲ ವಾರ ನಾನು ಲೋಹದ ಕವಚವಿದ್ದ ಒಂದು ಉಷ್ಣತೆ ಅಳೆಯುವ ತಂತಿಯನ್ನು ಪೆಟ್ಟಿಗೆಯ ಹಿಂಬದಿಯ ರಂಧ್ರದಿಂದ ಒಳಗೆ ಬಿಟ್ಟೆ. ಅಂಕಿ ಬರೆದುಕೊಳ್ಳುವ ಯಂತ್ರ ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ತಪ್ಪು ತೋರಿಸುತ್ತಿತ್ತು. ಅದಕ್ಕೆ ಗೋಡೆಯಲ್ಲಿದ್ದ ಹಳೆಯ ಪೈಪಿನ ತೂತಿನಿಂದ ತಂತಿಯನ್ನು ಅಡುಗೆಮನೆಗೆ ಎಳೆದು, ಸಾಕ್ಷಿ ಪ್ಲೇಟುಗಳ ಹಲಗೆಯ ಕೆಳಗೆ ಹಾಯಿಸಿ, ಯಂತ್ರವನ್ನು ಮೂಲೆಯಲ್ಲಿಟ್ಟೆ. ಅಕ್ಕನೇ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆದುಕೊಟ್ಟರು. ಇನ್ನೊಂದು ಮಾತೂ ಇದೆ. ತಂತಿ ಹಾಕಿದ ಮೇಲೆ ಪೆಟ್ಟಿಗೆಯೊಳಗಿನ ಅಲೆಯ ಬಲ ಕಡಿಮೆ ತೋರಿಸತೊಡಗಿತು. ಪೆಟ್ಟಿಗೆ ಹಳೆಯದಾಯಿತೇನೋ ಎಂದುಕೊಂಡು ನಾನು ಬಲ ಹೆಚ್ಚಿಸುವ ಗುಂಡಿಯನ್ನು ಸ್ವಲ್ಪ ತಿರುಗಿಸಿದೆ. ಮುಂದಿನ ತಿಂಗಳು ಇನ್ನೂ ಸ್ವಲ್ಪ.

ಆ ಚಳಿಗಾಲದಲ್ಲಿ ಅಡುಗೆಮನೆ ಕೊರೆಯುತ್ತಿತ್ತು. ಬಿಸಿಲು ಬೀಳದ ಕೋಣೆ ಅದು. ನೆಲ ಸದಾ ಒದ್ದೆ. ಅಕ್ಕನಿಗೆ ಬಲಭುಜದ ನೋವು ಹಳೆಯದು. ಒಂದು ದಿನ ಅವರು ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡಿದ್ದು ಕಂಡು ಏಕೆಂದು ಕೇಳಿದೆ.

‘ಇಲ್ಲಿ ಕೂತ್ರೆ ಹಿತವಾಗಿದೆ ಕಣೆ. ಯಾರೋ ಭುಜಕ್ಕೆ ಬಿಸಿ ಬಟ್ಟೆ ಒತ್ತಿದ ಹಾಗೆ. ಟವೆಲ್ಲೂ ನೋಡು, ನಿನ್ನ ತಂತಿ ಮೇಲೆ ಹಾಕಿದ್ರೆ ಸಂಜೆ ಒಳಗೆ ಗರಿಗರಿ.’

ನಾನು ಟವೆಲ್ ಮುಟ್ಟಿ ನೋಡಿದೆ. ಒಣಗಿತ್ತು. ಆಚೆ ಕೋಣೆಯ ಯಂತ್ರಗಳ ಕಾವು ಗೋಡೆಗೆ ಬರುತ್ತಿರಬೇಕು ಎಂದೆ. ಇಷ್ಟು ಓದಿದವಳು ಅಷ್ಟು ಹೇಳಿ ನನ್ನ ಕೆಲಸಕ್ಕೆ ಹೋದೆ.

ಎರಡನೇ ತಿಂಗಳಲ್ಲಿ ಅಕ್ಕ ಒಂದು ಸಾಕ್ಷಿ ಪ್ಲೇಟನ್ನು ನನ್ನ ಮೇಜಿಗೆ ತಂದರು. ನನ್ನ ಮೀಡಿಯಾದ ಪ್ಲೇಟೇ. ಮೂವತ್ತೆಂಟನೇ ದಿನ. ಬಿಳಿ ಗೆರೆಯ ಒಂದು ತುದಿಯಲ್ಲಿ ಉಗುರಿನಷ್ಟು ನೀಲಿ.

‘ಇದು ಹಲಗೆ ಮೇಲಿತ್ತು. ಇದಕ್ಯಾಕೆ ಬಣ್ಣ ಬಂತು?’

‘ಹಳೇದಾಗಿದೆ ಅಕ್ಕ. ಹಸಿವಾದ್ರೂ ಒಮ್ಮೊಮ್ಮೆ ಹಾಗಾಗುತ್ತೆ.’

‘ನನ್ನ ಅಡುಗೇಲಿ ಹಸಿವಾ?’ ಎಂದು ಅವರು ನಕ್ಕರು. ಆದರೆ ಆ ಪ್ಲೇಟನ್ನು ಎಸೆಯಲಿಲ್ಲ.

ಮುಂದಿನದು ಇಪ್ಪತ್ತನೇ ದಿನಕ್ಕೇ ನೀಲಿಯಾಯಿತು. ಅದರ ಮುಂದಿನದು ಹತ್ತಕ್ಕೆ. ನಾಲ್ಕನೇ ತಿಂಗಳ ಹೊತ್ತಿಗೆ ನಾಲ್ಕೇ ದಿನಕ್ಕೆ. ಪ್ರತಿ ಪ್ಲೇಟಿನಲ್ಲೂ ಬಣ್ಣ ಗೋಡೆಯ ಕಡೆಯ ಅಂಚಿನಿಂದ ಹೊರಟು ಈಚೆಗೆ ಬರುತ್ತಿತ್ತು. ಅಕ್ಕ ಪಾತ್ರೆಗಳನ್ನು ಎರಡೆರಡು ಸಲ ತೊಳೆದರು. ನೀರು ಬದಲಿಸಿದರು. ತೂಕ ಮಾಡುವಾಗ ನನ್ನನ್ನು ಕರೆದು ತಕ್ಕಡಿಯ ಅಂಕಿ ಓದಿಸಿಕೊಂಡರು. ‘ಕನ್ನಡಕ ಹಳೇದಾಯ್ತು, ಮಂಜು ಮಂಜು,’ ಎಂದು ಸೆರಗಿನಿಂದ ಬಲಗಡೆಯ ಗಾಜು ಒರೆಸುತ್ತಿದ್ದರು.

ಈ ನಡುವೆ ಉಗ್ರಾಣದವರು ಒಂದು ದಿನ ಅಡುಗೆಮನೆಗೆ ಬಂದರು. ಸೊಂಟದಲ್ಲಿ ಸದಾ ಹತ್ತಿಪ್ಪತ್ತು ಬೀಗದ ಕೈ ತೂಗುತ್ತಿದ್ದುದರಿಂದ ಅವರಿಗೆ ಬೀಗದ ಗೊಂಚಲು ಎಂದು ಹೆಸರು. ಸಿದ್ಧ ಪ್ಲೇಟುಗಳನ್ನೇ ಹೊರಗಿನಿಂದ ತರಿಸಿ ಅಡುಗೆಮನೆ ಮುಚ್ಚಬೇಕೆಂದು ಅವರು ವರ್ಷದಿಂದ ಹೇಳುತ್ತಿದ್ದರು. ಹಲಗೆಯ ಮೇಲಿನ ನೀಲಿ ಸಾಲನ್ನು ನೋಡಿ ಬೆರಳು ತೋರಿಸಿದರು.

‘ಏನಮ್ಮಾ ಇದು? ಇವು ಬಿಳಿ ಇರ್ಬೇಕಲ್ಲ?’

‘ಇರ್ಬೇಕಿತ್ತು.’

‘ಹಾಗಾದ್ರೆ ನಿಮ್ಮ ಸಾಕ್ಷಿನೇ ನಿಮ್ಮ ಮೀಡಿಯಾ ಸರಿಯಿಲ್ಲ ಅಂತಿದೆ. ನಾನು ಹೇಳ್ತಿಲ್ಲ, ನಿಮ್ಮದೇ ಪ್ಲೇಟು ಹೇಳ್ತಿದೆ.’

ತಿಂಗಳ ಕೊನೆಯವರೆಗೆ ನೋಡುವುದು, ಆಗಲೂ ನೀಲಿ ಬಂದರೆ ಅಡುಗೆಮನೆಗೆ ಬೀಗ, ಅಕ್ಕನಿಗೆ ಮತ್ತೆ ಕಾರಿಡಾರ್ ಎಂದು ತೀರ್ಮಾನವಾಯಿತು. ಹನ್ನೊಂದು ದಿನ ಉಳಿದಿತ್ತು.

ಆ ಸಂಜೆ ಅವರು ಸ್ಟೂಲಿನ ಮೇಲೆ ಕೂತು, ಭುಜವನ್ನು ಗೋಡೆಗೆ ಕೊಟ್ಟು, ಬಹಳ ಹೊತ್ತು ಹಲಗೆಯನ್ನೇ ನೋಡುತ್ತಿದ್ದರು. ‘ಬೇಲಿನೇ ಹೊಲ ಮೇಯ್ದ ಹಾಗಾಯ್ತು ತಂಗಿ. ಕಾಯಲಿ ಅಂತ ಇಟ್ಕೊಂಡವು.’

‘ಬೇರೆ ಏನೋ ಇರ್ಬೇಕು ಅಕ್ಕ.’

‘ಬೇರೆ ಏನು? ಅದನ್ನ ನೀನು ಹೇಳ್ಬೇಕು. ಓದಿದವಳು ನೀನು.’

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಕ್ಕ ಒಂದೇ ಪಾತ್ರೆಯ ಮೀಡಿಯಾವನ್ನು ಹನ್ನೆರಡು ಪ್ಲೇಟಿಗೆ ಸುರಿದಿದ್ದರು. ಒಂದೇ ಕಡ್ಡಿಯಿಂದ ಹನ್ನೆರಡಕ್ಕೂ ಗೆರೆ ಎಳೆದಿದ್ದರು. ನಾಲ್ಕನ್ನು ಗೋಡೆಯ ಹಲಗೆಯ ಮೇಲೆ, ನಾಲ್ಕನ್ನು ಎದುರು ಗೋಡೆಯ ಕಪಾಟಿನ ಮೇಲೆ, ನಾಲ್ಕನ್ನು ಇನ್‌ಕ್ಯುಬೇಟರಿನೊಳಗೆ ಇಟ್ಟರು.

‘ಅಡುಗೆ ಹಳಸಿದ್ರೆ ಉಂಡವರೆಲ್ಲರಿಗೂ ಹೊಟ್ಟೆ ನೋಯ್ಬೇಕು,’ ಎಂದರು. ‘ಒಂದು ಪಂಕ್ತಿಯವರಿಗೆ ಮಾತ್ರ ನೋವು ಬಂದ್ರೆ ಅಡುಗೆ ತಪ್ಪಲ್ಲ. ಕೂತ ಜಾಗ ತಪ್ಪು.’

ನಾಲ್ಕು ವರ್ಷದ ಓದಿನಲ್ಲಿ ನಾನು ಅದಕ್ಕಿಂತ ನೇರವಾದ ಪ್ರಯೋಗ ಮಾಡಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಎರಡಕ್ಕೆ ಅಕ್ಕ ನನ್ನನ್ನು ಕರೆದರು. ಮೇಜಿನ ಮೇಲೆ ಹನ್ನೆರಡೂ ಪ್ಲೇಟು ಸಾಲಾಗಿದ್ದವು. ಎಂಟು ಬಿಳಿ. ಹಲಗೆಯ ಮೇಲಿದ್ದ ನಾಲ್ಕು ನೀಲಿ. ಅದರಲ್ಲೂ ತಂತಿಯ ಮೊಳೆಯ ನೇರಕ್ಕಿದ್ದ ಪ್ಲೇಟು ಶಾಯಿ ಚೆಲ್ಲಿದಂತೆ ಕಪ್ಪುನೀಲಿ.

‘ನೆಲನೇ ಡೊಂಕು,’ ಎಂದರು ಅಕ್ಕ. ಅವರ ಮುಖ ಅರಳಿತ್ತು. ‘ನನ್ನ ಕೈ ತಪ್ಪಿಲ್ಲ.’

ನಾನು ಹಲಗೆಯ ಕಡೆ ನೋಡಿದೆ. ತಂತಿ. ಅದರ ಮೇಲೆ ಟವೆಲ್. ಅದರ ಕೆಳಗೆ ಸ್ಟೂಲು. ಲೋಹದ ಪೆಟ್ಟಿಗೆಯಿಂದ ಲೋಹದ ತಂತಿಯನ್ನು ಹೊರಗೆಳೆದರೆ ಅಲೆಗಳು ಅದನ್ನು ಹಿಡಿದು ಹೊರಬರುತ್ತವೆ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಒಳಗೆ ಬಲ ಕಡಿಮೆಯಾದದ್ದು ಪೆಟ್ಟಿಗೆ ಹಳೆಯದಾಗಿ ಅಲ್ಲ. ಅದು ಈಚೆ ಬರುತ್ತಿತ್ತು. ಕಡಿಮೆಯಾಯಿತೆಂದು ನಾನು ತಿರುಗಿಸಿದ್ದೆಲ್ಲ ಈಚೆಗೇ ಬಂದಿತ್ತು. ಹೋಲಿಕೆಗೆಂದು ಇಟ್ಟ ಬ್ಯಾಕ್ಟೀರಿಯಾ ಬಿಳಿಯಾಗಿ ಉಳಿದದ್ದು ಇನ್‌ಕ್ಯುಬೇಟರಿಗೆ ಲೋಹದ ಗೋಡೆಯಿದ್ದುದರಿಂದ. ಅಕ್ಕನಿಗೆ ಇದ್ದದ್ದು ಒಂದು ಹತ್ತಿಯ ಕೋಟು.

‘ಏನಾಯ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಿಂತಿದ್ದೀಯ.’

‘ಏನಿಲ್ಲ ಅಕ್ಕ. ಸರ್ ಹತ್ರ ಮಾತಾಡ್ಬೇಕು.’

ಆದರೆ ಆ ದಿನ ಮಾತಾಡಲಿಲ್ಲ. ಐದು ತಿಂಗಳ ಅಂಕಿಗಳು ನನ್ನ ಪುಸ್ತಕದಲ್ಲಿದ್ದವು. ತಂತಿಯ ವಿಷಯ ಹೇಳಿದರೆ ಅವೆಲ್ಲ ಕಸ. ನನ್ನ ಕೋಣೆಗೆ ಹೋಗಿ ಅವನ್ನೇ ಮುಂದಿಟ್ಟುಕೊಂಡು ಕೂತೆ. ಪೆಟ್ಟಿಗೆ ಆರಿಸಬೇಕೆಂದು ಎರಡು ಸಲ ಎದ್ದೆ. ಅದರೊಳಗೆ ಅರ್ಧ ಮುಗಿದ ಪ್ರಯೋಗವಿತ್ತು. ಸಂಜೆ ಐದಕ್ಕೆ ಅದು ತಾನಾಗಿ ನಿಲ್ಲುತ್ತದೆ, ಅಲ್ಲಿಯವರೆಗೆ ಇರಲಿ ಎಂದುಕೊಂಡೆ. ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ಇಣುಕಿದೆ. ಅಕ್ಕ ಅದೇ ಸ್ಟೂಲಿನ ಮೇಲೆ ಕೂತು, ಬಲಭುಜ ಗೋಡೆಗೆ ಕೊಟ್ಟು, ಗೆದ್ದ ಹನ್ನೆರಡು ಪ್ಲೇಟುಗಳಿಗೆ ಚೀಟಿ ಅಂಟಿಸುತ್ತಿದ್ದರು. ಚೀಟಿ ಸೊಟ್ಟಗೆ ಕೂರುತ್ತಿತ್ತು. ಆ ಮೂರು ಗಂಟೆ ನನ್ನ ಲೆಕ್ಕಕ್ಕೇ ಸೇರಬೇಕಾದದ್ದು.

ಮರುದಿನ ಬೆಳಿಗ್ಗೆ ದೊಡ್ಡ ಸರ್ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಪಾಟಿನಿಂದ ಅಲೆ ಅಳೆಯುವ ಕೈಮೀಟರ್ ತೆಗೆದುಕೊಂಡು ಅಡುಗೆಮನೆಗೆ ಬಂದರು. ಬೀಗದ ಗೊಂಚಲನ್ನೂ ಕರೆಸಿದರು. ಅಕ್ಕನನ್ನು ಬಾಗಿಲಾಚೆ ನಿಲ್ಲಲು ಹೇಳಿ, ನನಗೆ ಪೆಟ್ಟಿಗೆ ಒಂದು ನಿಮಿಷ ಹಾಕಲು ಹೇಳಿದರು.

ನಾನು ಹಾಕಿ ಬರುವಷ್ಟರಲ್ಲಿ ಅವರು ಮೀಟರನ್ನು ಸ್ಟೂಲಿನ ಮೇಲೆ, ಕೂತವರ ಭುಜದೆತ್ತರಕ್ಕೆ ಹಿಡಿದಿದ್ದರು. ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಹೋಗಿ ಅಲ್ಲೇ ನಿಂತಿತ್ತು. ಸ್ವಲ್ಪ ಮೇಲೆತ್ತಿ ಮುಖದೆತ್ತರಕ್ಕೆ ಹಿಡಿದರು. ಮುಳ್ಳು ಇಳಿಯಲಿಲ್ಲ. ಬೀಗದ ಗೊಂಚಲು ತಮ್ಮ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

‘ಅಷ್ಟು ಬಂದ್ರೆ ಒಳ್ಳೇದಾ ಸರ್, ಕೆಟ್ಟದ್ದಾ?’ ಅಕ್ಕ ಬಾಗಿಲಿನಿಂದ ಕೇಳಿದರು.

ದೊಡ್ಡ ಸರ್ ಮೀಟರ್ ಆರಿಸಿದರು. ‘ನೀವು ಇಲ್ಲಿ ದಿನಕ್ಕೆ ಎಷ್ಟು ಹೊತ್ತು ಕೂರ್ತಿದ್ರಿ?’

‘ಕೆಲಸ ಮುಗಿಯೋವರೆಗೂ.’

‘ನಿಮ್ಮ ಮೀಡಿಯಾದಲ್ಲಿ ತಪ್ಪಿಲ್ಲಮ್ಮ,’ ಎಂದರು ಅವರು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಅದೇ ದಿನ ತಂತಿ ಕಿತ್ತು, ರಂಧ್ರಕ್ಕೆ ಲೋಹದ ಬಿಲ್ಲೆ ಬೆಸೆದರು. ಮೂರು ದಿನದ ಮೇಲೆ ಅಕ್ಕನ ಕೈಗೆ ಒಂದು ಪತ್ರ ಬಂತು: ಮೀಡಿಯಾದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ, ಅಡುಗೆಮನೆ ಮುಂದುವರಿಯತಕ್ಕದ್ದು. ಯಾವ ಗೋಡೆ, ಯಾವ ತಂತಿ, ಎಷ್ಟು ತಿಂಗಳು ಎನ್ನುವುದು ಅದರಲ್ಲಿರಲಿಲ್ಲ. ಅಕ್ಕ ನನ್ನಿಂದ ಎರಡು ಸಲ ಓದಿಸಿಕೊಂಡು, ಮಡಚಿ, ಅಳತೆ ಚಮಚಗಳ ಡಬ್ಬದಲ್ಲಿಟ್ಟರು.

ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಆ ಒಂದು ಮಧ್ಯಾಹ್ನದ್ದನ್ನೂ. ಅವರು ಕೇಳಿಸಿಕೊಳ್ಳುತ್ತಾ ಬುಡ್ಡಿ ತೊಳೆಯುತ್ತಿದ್ದರು. ತೊಳೆದ ಬುಡ್ಡಿಯನ್ನೇ ಮತ್ತೆ ತೊಳೆದರು. ಆಮೇಲೆ ಇಷ್ಟೇ ಹೇಳಿದರು: ‘ಮೊಳೆ ನಾನೇ ಹೊಡೆದಿದ್ದೆ ಅಲ್ವಾ.’

ಎರಡು ವಾರದ ನಂತರ ಅವರು ತಡವಾಗಿ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲವಿರಬೇಕು. ಬೆಳಿಗ್ಗೆ ಹನ್ನೆರಡು ಸೂಜಿಯಲ್ಲಿ ಐದಕ್ಕೆ ಮಾತ್ರ ದಾರ ಹೋಯಿತಂತೆ. ಎಡಗಣ್ಣು ಮುಚ್ಚಿಕೊಂಡರೆ ಸೂಜಿಯೇ ಕಾಣಲಿಲ್ಲವಂತೆ. ‘ನಮ್ಮತ್ತೆ ಮಿಕ್ಕ ಏಳಕ್ಕೂ ಪೋಣಿಸಿಕೊಟ್ರು. ನೀನು ಮುದುಕಿ ಆದೆ, ನಾನಿನ್ನೂ ಆಗಿಲ್ಲ ಅಂತ ನಗ್ತಾ ಇದ್ರು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದ್ರು.’

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಬೆಳಕು ಬಿಟ್ಟು ನೋಡಿ, ಬಲಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ, ಎಡಗಣ್ಣು ಸದ್ಯ ಸ್ವಚ್ಛವಾಗಿದೆ ಎಂದರು. ನಾನು ತಂತಿಯ ವಿಷಯ, ಸ್ಟೂಲಿನ ವಿಷಯ, ಮುಳ್ಳು ನಿಂತ ಜಾಗ, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

‘ಈ ವಯಸ್ಸಿಗೆ ತಾನಾಗೂ ಬರಬಹುದು. ಅದರಿಂದಾನೇ ಅಂತ ಹೇಳೋಕೂ ಆಗಲ್ಲ, ಅಲ್ಲ ಅಂತ ಹೇಳೋಕೂ ಆಗಲ್ಲ. ಪೊರೆ ತೆಗೀಬಹುದು. ಬೇರೆ ಏನಾದ್ರೂ ಇದೆಯಾ ಅನ್ನೋದಕ್ಕೆ ಕಾದು ನೋಡ್ಬೇಕು.’

‘ಎಷ್ಟು ದಿನ ಕಾಯೋದು?’ ಅಕ್ಕ ಕೇಳಿದರು. ‘ನಲವತ್ತು ದಿನ ಸಾಕಾ?’

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ಬನ್ನಿ ಎಂದರು.

ಈಗ ಸ್ಟೂಲು ಎದುರು ಗೋಡೆಯ ಪಕ್ಕದಲ್ಲಿದೆ. ಅಲ್ಲಿ ಚಳಿ. ಅಕ್ಕನ ಭುಜಕ್ಕೆ ಮತ್ತೆ ನೋವು ಬಂದಿದೆ. ಅದನ್ನು ಅವರು ಯಾರಿಗೂ ಹೇಳುವುದಿಲ್ಲ, ಬುಡ್ಡಿ ಎತ್ತುವಾಗ ತುಟಿ ಕಚ್ಚುವುದು ನನಗೆ ಕಾಣುತ್ತದೆ. ಬುಡ್ಡಿಯನ್ನು ಎಡಗೆನ್ನೆಗೆ ಒತ್ತಿ ನೋಡುವುದನ್ನು ಕಲಿತಿದ್ದಾರೆ. ಹಲಗೆಯ ಮೇಲೆ ಹೊಸ ಸಾಕ್ಷಿ ಪ್ಲೇಟುಗಳೆಲ್ಲ ಬಿಳಿ. ಆ ಕಪ್ಪುನೀಲಿಯ ಪ್ಲೇಟೊಂದನ್ನು ಮಾತ್ರ ನಲವತ್ತು ದಿನ ಕಳೆದರೂ ಎಸೆದಿಲ್ಲ.

ಮೊನ್ನೆ ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ನನ್ನನ್ನು ಕೇಳಿದರು.

‘ತಂಗಿ, ತಂತಿ ತೆಗೆದಾಯ್ತಲ್ಲ. ಇವು ತಿರುಗಿ ಬಿಳಿ ಆಗ್ತಾವಾ?’

‘ಇದರಿಂದ ತೆಗೆದು ಹೊಸ ಪ್ಲೇಟಲ್ಲಿ ಬೆಳೆಸಿದ್ರೆ, ಹೊಸದಾಗಿ ಹುಟ್ಟಿದವು ಬಿಳಿ ಇರ್ತಾವೆ ಅಕ್ಕ.’

‘ಹುಟ್ಟೋವು ಬಿಡು. ಇವು?’

ನಾನು ಇಲ್ಲ ಎಂದೆ. ಅವರು ತಲೆಯಾಡಿಸಿದರು. ಪ್ಲೇಟನ್ನು ಹಲಗೆಯ ಮೇಲೆ ಅದರ ಜಾಗಕ್ಕೆ ವಾಪಸು ಇಟ್ಟು, ಚೀಟಿಯ ಮೇಲೆ ತಾರೀಖಿನ ಪಕ್ಕದಲ್ಲಿ ಏನೋ ಬರೆಯಹೋದರು. ಪೆನ್ನು ಚೀಟಿ ತಪ್ಪಿ ಮರದ ಮೇಲೆ ಗೆರೆ ಎಳೆಯಿತು. ಅವರಿಗೆ ಅದು ಗೊತ್ತಾಗಲಿಲ್ಲ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು.